ವಾರದ ಹಾಡುಗಳನ್ನು ಹಂಚಲು ಯಾವ ದಾರಿ? ಯೂಟ್ಯೂಬ್, ಸ್ಪಾಟಿಫೈ, ವಾಟ್ಸ್‌ಆ್ಯಪ್, ಪೆನ್‌ಡ್ರೈವ್: ಒಂದು ಹೋಲಿಕೆ

ವಾರವಿಡೀ ಕೇಳಿದ್ದರಲ್ಲಿ ಮನಸ್ಸಿಗೆ ಹಿಡಿಸಿದ ಏಳೆಂಟು ಹಾಡು ಆರಿಸಿ, ಭಾನುವಾರ ಮನೆಯವರ ಗ್ರೂಪಿಗೋ ಗೆಳೆಯರಿಗೋ ಕಳಿಸುವ ರೂಢಿ ಬಹಳ ಮಂದಿಗಿದೆ. ಕಳಿಸುವುದಕ್ಕೆ ಎರಡು ನಿಮಿಷ ಸಾಕು. ಆ ಕಡೆಯವರು ಕೊನೆಯ ಹಾಡಿನವರೆಗೆ ಕೇಳಬೇಕೆಂದರೆ ಮಾತ್ರ ಸ್ವಲ್ಪ ಯೋಚಿಸಬೇಕು. ಲಿಂಕ್ ಒತ್ತಿದರೆ ಖಾತೆ ತೆರೆಯಿರಿ ಎನ್ನುತ್ತದೆ, ತೆರೆದರೆ ಮೂವತ್ತು ಸೆಕೆಂಡಿಗೇ ನಿಲ್ಲುತ್ತದೆ, ಇಲ್ಲವೇ ನೀವು ಹೇಳಿದ ಹಾಡಿನ ಬದಲು ಯಾರೋ ಹಾಡಿದ ಕವರ್ ಬರುತ್ತದೆ. ಹೀಗೆ ಎರಡು ಸಲ ಆದರೆ ಮೂರನೆಯ ವಾರ ಯಾರೂ ಲಿಂಕ್ ಮುಟ್ಟುವುದಿಲ್ಲ.

ಇಲ್ಲಿ ಹೋಲಿಸಿರುವುದು ಸಾಮಾನ್ಯವಾಗಿ ಬಳಕೆಯಲ್ಲಿರುವ ದಾರಿಗಳನ್ನು. ಎಲ್ಲದರ ಹಿಂದೆ ಎರಡು ಮಾತು ಇವೆ. ದಾರಿಯನ್ನು ಆರಿಸಬೇಕಾದದ್ದು ಕಳಿಸುವವರ ಅನುಕೂಲ ನೋಡಿ ಅಲ್ಲ, ಕೇಳುವವರ ಫೋನು ಮತ್ತು ಅಭ್ಯಾಸ ನೋಡಿ. ಇನ್ನೊಂದು, ಲಿಂಕ್ ಯಾವುದೇ ಇರಲಿ, ಅದರ ಜೊತೆ ಹಾಡಿನ ವಿವರ ಅಕ್ಷರದಲ್ಲಿ ಇರಲೇಬೇಕು. ಲಿಂಕುಗಳು ಸಾಯುತ್ತವೆ, ಬರೆದ ಸಾಲು ಉಳಿಯುತ್ತದೆ.

ಮೊದಲು ಕೇಳುವವರನ್ನು ನೋಡಿ

ಗ್ರೂಪಿನಲ್ಲಿರುವವರ ಬಗ್ಗೆ ಮೂರು ಸಂಗತಿ ಗೊತ್ತಾದರೆ ಅರ್ಧ ನಿರ್ಧಾರ ಆದಂತೆ. ಅವರು ಹಾಡು ಕೇಳುವುದು ಫೋನ್ ಕೈಯಲ್ಲಿ ಹಿಡಿದೋ, ಅಡುಗೆಮನೆಯಲ್ಲಿ ಫೋನ್ ಬದಿಗಿಟ್ಟೋ, ಕಾರಿನಲ್ಲೋ? ಹಾಡಿಗೆಂದು ತಿಂಗಳಿಗೆ ದುಡ್ಡು ಕಟ್ಟುತ್ತಾರೆಯೇ? ಊರಿನಲ್ಲಿ ನೆಟ್‌ವರ್ಕ್ ಹೇಗಿದೆ?

ಫೋನ್ ಬದಿಗಿಟ್ಟು ಕೇಳುವವರಿಗೆ ಉಚಿತ ಯೂಟ್ಯೂಬ್ ಅಷ್ಟಾಗಿ ಹೊಂದುವುದಿಲ್ಲ. ಪರದೆ ಆರಿದೊಡನೆ ಹಾಡು ನಿಲ್ಲುತ್ತದೆ. ದುಡ್ಡು ಕಟ್ಟದವರಿಗೆ ಆ್ಯಪಲ್ ಮ್ಯೂಸಿಕ್ ಲಿಂಕ್ ಕಳಿಸಿ ಪ್ರಯೋಜನವಿಲ್ಲ. ನೆಟ್‌ವರ್ಕ್ ಸರಿಯಿಲ್ಲದ ಕಡೆ ವಿಡಿಯೊ ಲಿಂಕ್ ಕಳಿಸಿದರೆ ಹಾಡಿಗಿಂತ ತಿರುಗುವ ಚಕ್ರವನ್ನೇ ಹೆಚ್ಚು ಹೊತ್ತು ನೋಡಬೇಕಾಗುತ್ತದೆ.

ಯೂಟ್ಯೂಬ್: ಎಲ್ಲರನ್ನೂ ತಲುಪುತ್ತದೆ, ಆದರೆ ಮೂರು ಕಡೆ ಎಡವುತ್ತದೆ

ಖಾತೆ ಬೇಡ, ದುಡ್ಡು ಬೇಡ, ಯಾವ ಫೋನಿನಲ್ಲೂ ತೆರೆಯುತ್ತದೆ. ಕನ್ನಡದ ಹಳೆಯ ಹಾಡುಗಳ ಮಟ್ಟಿಗಂತೂ ಇಷ್ಟು ದೊಡ್ಡ ಭಂಡಾರ ಬೇರೆಲ್ಲೂ ಇಲ್ಲ. ಸರಿಗಮ, ಲಹರಿ, ಆನಂದ್ ಆಡಿಯೊದಂಥ ಕಂಪನಿಗಳ ಅಧಿಕೃತ ಚಾನೆಲ್‌ಗಳ ಜೊತೆಗೆ ಬೇರೆ ಯಾವ ಆ್ಯಪ್‌ನಲ್ಲೂ ಸಿಗದ ಆಕಾಶವಾಣಿ ಮತ್ತು ದೂರದರ್ಶನದ ಧ್ವನಿಮುದ್ರಣಗಳೂ ಇಲ್ಲಿ ಸಿಗುತ್ತವೆ. ಬೇರೆ ಬೇರೆ ವಯಸ್ಸಿನವರಿರುವ ಗ್ರೂಪಿಗೆ ಮೊದಲ ಆಯ್ಕೆ ಇದೇ.

ಪಟ್ಟಿ ಮಾಡುವ ಕ್ರಮ ಹೀಗೆ. ಹಾಡಿನ ಕೆಳಗಿರುವ ‘ಸೇವ್’ ಒತ್ತಿ, ಹೊಸ ಪ್ಲೇಲಿಸ್ಟ್ ಆರಿಸಿ, ಹೆಸರು ಕೊಡಿ. ಗೌಪ್ಯತೆ ಎಂದಿರುವಲ್ಲಿ ಮೂರು ಆಯ್ಕೆ ಬರುತ್ತವೆ: ಪಬ್ಲಿಕ್, ಅನ್‌ಲಿಸ್ಟೆಡ್, ಪ್ರೈವೇಟ್. ಮನೆಯವರಿಗೆ, ಗೆಳೆಯರಿಗೆ ಕಳಿಸುವ ಪಟ್ಟಿಗೆ ಅನ್‌ಲಿಸ್ಟೆಡ್ ಸರಿ. ಲಿಂಕ್ ಇದ್ದವರೆಲ್ಲ ಕೇಳಬಹುದು, ಹುಡುಕಾಟದಲ್ಲಿ ಹೊರಗಿನವರಿಗೆ ಸಿಗುವುದಿಲ್ಲ.

ಎಡವುವ ಮೊದಲ ಕಡೆ ಇದೇ. ಪಟ್ಟಿ ಪ್ರೈವೇಟ್ ಆಗಿಯೇ ಉಳಿದಿರುತ್ತದೆ. ಕಳಿಸಿದವರ ಫೋನಿನಲ್ಲಿ ಚೆನ್ನಾಗಿ ತೆರೆಯುತ್ತದೆ, ಉಳಿದವರಿಗೆ ಇಲ್ಲ. ಹಾಗಾಗಿ ಗ್ರೂಪಿಗೆ ಹಾಕುವ ಮೊದಲು ಬ್ರೌಸರ್‌ನ ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಅಂದರೆ ನಿಮ್ಮ ಖಾತೆಯ ಗುರುತಿಲ್ಲದ ಕಿಟಕಿಯಲ್ಲಿ, ಲಿಂಕ್ ತೆರೆದು ನೋಡಿ. ಅಲ್ಲಿ ಹಾಡಿದರೆ ಎಲ್ಲರಿಗೂ ಹಾಡುತ್ತದೆ. ‘ವಾಚ್ ಲೇಟರ್’ ಪಟ್ಟಿಯಲ್ಲಿ ಹಾಡು ಕೂಡಿಟ್ಟುಕೊಂಡು ಅದನ್ನೇ ಹಂಚಲು ಹೋಗುವವರಿದ್ದಾರೆ. ಅದು ಯಾವಾಗಲೂ ಖಾಸಗಿಯೇ, ಹಂಚಲು ಬರುವುದಿಲ್ಲ.

ಎರಡನೆಯದು ‘ಮಿಕ್ಸ್’. ಒಂದು ಹಾಡು ಕೇಳುತ್ತಿರುವಾಗ ಯೂಟ್ಯೂಬ್ ತಾನೇ ಮುಂದಿನ ಹಾಡುಗಳನ್ನು ಜೋಡಿಸಿ ಒಂದು ಮಿಕ್ಸ್ ಮಾಡಿರುತ್ತದೆ. ಆಗ ಬ್ರೌಸರ್‌ನ ಮೇಲಿರುವ ವಿಳಾಸದ ಸಾಲಿನಿಂದ ನಕಲು ಮಾಡಿದ ಲಿಂಕಿನಲ್ಲಿ ಆ ಮಿಕ್ಸೂ ಅಂಟಿಕೊಂಡು ಬರುತ್ತದೆ. ಕೇಳುವವರಿಗೆ ನಿಮ್ಮ ಹಾಡಾದ ಮೇಲೆ ನೀವು ಆರಿಸದ ಹಾಡುಗಳು ಶುರುವಾಗುತ್ತವೆ. ಅದೂ ಅವರವರು ಹಿಂದೆ ಕೇಳಿದ್ದನ್ನು ನೋಡಿ ಒಬ್ಬೊಬ್ಬರಿಗೆ ಒಂದೊಂದು. ವಿಳಾಸದಲ್ಲಿ ‘ಲಿಸ್ಟ್’ ಎಂಬ ಇಂಗ್ಲಿಷ್ ಪದ, ಸಮಚಿಹ್ನೆ, ಅದರ ಬೆನ್ನಿಗೇ ‘ಆರ್’, ‘ಡಿ’ ಅಕ್ಷರಗಳು ಇದ್ದರೆ ಅದು ಮಿಕ್ಸ್ ಎಂದೇ ತಿಳಿಯಿರಿ. ಮೊದಲ ‘&’ ಗುರುತಿನಿಂದ ಮುಂದಿನದನ್ನೆಲ್ಲ ಅಳಿಸಿದರೆ ಒಂದೇ ಹಾಡಿನ ಶುದ್ಧ ಲಿಂಕ್ ಉಳಿಯುತ್ತದೆ.

ಮೂರನೆಯದು ಎಲ್ಲಕ್ಕಿಂತ ಬೇಸರದ್ದು. ವಿಡಿಯೊ ಹಾಕಿದವರು ಅದನ್ನು ತೆಗೆದರೆ ಅಥವಾ ಖಾಸಗಿ ಮಾಡಿದರೆ ಪಟ್ಟಿಯಲ್ಲಿ ಅದರ ಹೆಸರೂ ಹೋಗುತ್ತದೆ. ‘ಡಿಲೀಟೆಡ್ ವಿಡಿಯೊ’ ಎಂಬ ಬೂದು ಬಣ್ಣದ ಸಾಲೊಂದು ಉಳಿಯುತ್ತದೆ, ಅಷ್ಟೆ. ಯಾವ ಹಾಡು ಹೋಯಿತೆಂದೇ ತಿಳಿಯದಿದ್ದರೆ ಅದರ ಬದಲು ಇನ್ನೊಂದನ್ನು ಹುಡುಕುವುದು ಹೇಗೆ? ಕಂಪನಿಯ ಅಧಿಕೃತ ಚಾನೆಲ್‌ನ ಹಾಡು ಹೀಗೆ ಮಾಯವಾಗುವುದು ಕಡಿಮೆ. ಅಭಿಮಾನಿಗಳು ಹಾಕಿದ್ದು ಹಕ್ಕಿನ ತಕರಾರಿನಿಂದ ಯಾವಾಗ ಬೇಕಾದರೂ ಹೋಗಬಹುದು. ಅಧಿಕೃತವೂ ಪೂರ್ತಿ ಭದ್ರವಲ್ಲ. ‘ಕಾಂತಾರ’ದ ‘ವರಾಹ ರೂಪಂ’ 2022ರ ಕೊನೆಯಲ್ಲಿ ಕೃತಿಸ್ವಾಮ್ಯದ ವ್ಯಾಜ್ಯ ನ್ಯಾಯಾಲಯಕ್ಕೆ ಹೋದ ಕಾರಣ ಕೆಲಕಾಲ ಯೂಟ್ಯೂಬ್‌ನಿಂದ ಮರೆಯಾಗಿತ್ತು. ಊರೆಲ್ಲ ಗುನುಗುತ್ತಿದ್ದ ಹಾಡಿಗೇ ಹೀಗಾಯಿತೆಂದರೆ, ನಲವತ್ತು ವರ್ಷ ಹಿಂದಿನ ಕ್ಯಾಸೆಟ್ಟಿನಿಂದ ಯಾರೋ ಏರಿಸಿದ ಭಾವಗೀತೆಯ ಗತಿ ಊಹಿಸಿಕೊಳ್ಳಿ.

ಡೇಟಾದ ಬಗ್ಗೆ ಒಂದು ಉಪಯುಕ್ತ ವಿಷಯವಿದೆ. ಒಂದೇ ಹಾಡು ಯೂಟ್ಯೂಬ್‌ನಲ್ಲಿ ಹಲವು ರೂಪದಲ್ಲಿ ಇರುತ್ತದೆ: ಚಿತ್ರದ ದೃಶ್ಯ, ಲಿರಿಕಲ್ ವಿಡಿಯೊ, ಮತ್ತು ಆಲ್ಬಮ್ ಮುಖಪುಟದ ಒಂದೇ ಚಿತ್ರವಿರುವ ಧ್ವನಿ. ಈ ಮೂರನೆಯದನ್ನು ಸಾಮಾನ್ಯವಾಗಿ ಗಾಯಕರ ಹೆಸರಿನ ಕೊನೆಗೆ ‘ಟಾಪಿಕ್’ ಎಂದಿರುವ ಚಾನೆಲ್‌ನಲ್ಲಿ ಕಾಣಬಹುದು. ಅಲುಗದ ಚಿತ್ರಕ್ಕೆ ಡೇಟಾ ಬೇಕಾಗುವುದು ನೆಪಮಾತ್ರಕ್ಕೆ. ಹಾಗಾಗಿ ಹೆಚ್ಚುಕಡಿಮೆ ಧ್ವನಿಗಷ್ಟೇ ಖರ್ಚಾಗುತ್ತದೆ, ನಿಮಿಷಕ್ಕೆ ಒಂದು ಎಂಬಿಯ ಆಸುಪಾಸು. ದೃಶ್ಯವಿರುವ ವಿಡಿಯೊಗೆ ಇದರ ಹಲವು ಪಟ್ಟು ಬೇಕು. ಧ್ವನಿಯೂ ಇದರಲ್ಲೇ ಚೆನ್ನ. ಸಿನಿಮಾದ ತುಣುಕಿನಲ್ಲಿ ನಡುವೆ ಸಂಭಾಷಣೆ, ಸದ್ದು ಸೇರಿರುತ್ತದೆ, ಚರಣವೊಂದು ಕತ್ತರಿಯಾಗಿರುವುದೂ ಉಂಟು.

‘ಜೂಕ್‌ಬಾಕ್ಸ್’ ಎಂದಿರುವ ಅರ್ಧ ಗಂಟೆಯ ವಿಡಿಯೊ ಕಳಿಸಿ ‘ಮೂರನೇ ಹಾಡು ಕೇಳಿ’ ಎನ್ನಬೇಡಿ. ಬೇರೆ ದಾರಿಯೇ ಇಲ್ಲದಿದ್ದರೆ ಆ ಹಾಡು ಶುರುವಾಗುವ ಕ್ಷಣಕ್ಕೆ ತಂದು ನಿಲ್ಲಿಸಿ. ಕಂಪ್ಯೂಟರಿನಲ್ಲಿ ಶೇರ್ ಒತ್ತಿದಾಗ ಬರುವ ‘ಸ್ಟಾರ್ಟ್ ಆ್ಯಟ್’ ಗುರುತು ಹಾಕಿ ಲಿಂಕ್ ತೆಗೆದರೆ ಅಲ್ಲಿಂದಲೇ ಶುರುವಾಗುತ್ತದೆ.

ಸ್ಪಾಟಿಫೈ: ದಿನವೂ ಹಾಡು ಕೇಳುವವರ ಗ್ರೂಪಿಗೆ

ಭಾರತಕ್ಕೆ 2019ರಲ್ಲಿ ಬಂದದ್ದು. ಈಚಿನ ಹಾಡುಗಳೆಲ್ಲ ಬಿಡುಗಡೆಯ ದಿನವೇ ಸಿಗುತ್ತವೆ ಎನ್ನಬಹುದು. ಪರದೆ ಆರಿದರೂ ಹಾಡು ನಡೆಯುತ್ತದೆ, ಉಚಿತ ಖಾತೆಯಲ್ಲೂ. ಅಡುಗೆ ಮಾಡುತ್ತ, ನಡೆಯುತ್ತ ಕೇಳುವವರಿಗೆ ಇದೊಂದೇ ಸಾಕು ಯೂಟ್ಯೂಬ್ ಬಿಡಲು.

ತೊಡಕಿರುವುದು ಬಾಗಿಲಲ್ಲಿ. ಖಾತೆ ಇಲ್ಲದವರು ಬ್ರೌಸರ್‌ನಲ್ಲಿ ಲಿಂಕ್ ತೆರೆದರೆ ಹಾಡಿನ ತುಣುಕಷ್ಟೇ ಕೇಳುತ್ತದೆ. ಉಚಿತ ಖಾತೆ ಇದ್ದವರಿಗೆ ಜಾಹೀರಾತು ಬರುತ್ತದೆ, ಹಾಡು ದಾಟಿಸುವುದಕ್ಕೆ ಮಿತಿ ಇರುತ್ತದೆ, ಪಟ್ಟಿ ಕಲಸಿಕೊಂಡೂ ಬರಬಹುದು. ಈ ನಿಯಮಗಳನ್ನು ಕಂಪನಿ ಆಗಾಗ ಬದಲಿಸುತ್ತಿರುತ್ತದೆ. ನೀವು ಹಾಡಿನ ಕ್ರಮಕ್ಕೆ ಬಹಳ ತಲೆ ಕೆಡಿಸಿಕೊಳ್ಳುವವರಾದರೆ, ಉಚಿತ ಖಾತೆಯವರಿಗೆ ಆ ಕ್ರಮ ತಲುಪುತ್ತದೆಂದು ನಂಬಿಕೊಳ್ಳಬೇಡಿ.

ಸ್ಪಾಟಿಫೈ ಗೆಲ್ಲುವುದು ಎರಡು ಕಡೆ. ಒಂದು, ಹಾಡು ಹಕ್ಕಿನ ಕಾರಣ ಹೊರಟುಹೋದರೂ ಹೆಸರು ಮಸುಕಾಗಿ ಪಟ್ಟಿಯಲ್ಲೇ ಉಳಿಯುತ್ತದೆ. ಕಾಣದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಲಭ್ಯವಿಲ್ಲದ ಹಾಡುಗಳನ್ನು ತೋರಿಸುವ ಆಯ್ಕೆ ಹಾಕಿಕೊಳ್ಳಿ. 2023ರಲ್ಲಿ ಜೀ ಮ್ಯೂಸಿಕ್‌ನ ಹಾಡುಗಳು ಒಪ್ಪಂದ ಕುದುರದೆ ಸ್ಪಾಟಿಫೈನಿಂದ ಹೋದಾಗ ಎಷ್ಟೋ ಪಟ್ಟಿಗಳು ಹೀಗೆ ಅರ್ಧ ಮಸುಕಾದವು. ಆದರೂ ಏನು ಹೋಯಿತೆಂದು ಕಾಣುತ್ತಿತ್ತು. ಇನ್ನೊಂದು, ಪಟ್ಟಿಯನ್ನೇ ತಪ್ಪಿ ಅಳಿಸಿದರೆ 90 ದಿನದೊಳಗೆ ವೆಬ್‌ಸೈಟಿನ ಖಾತೆ ಪುಟದಿಂದ ವಾಪಸ್ ತರಬಹುದು. ಇದು ಆ್ಯಪ್‌ನೊಳಗೆ ಕಾಣುವುದಿಲ್ಲ, ಬ್ರೌಸರ್‌ನಲ್ಲೇ ಹೋಗಬೇಕು.

ಒಬ್ಬರೇ ಕಳಿಸುವ ಬದಲು ಎಲ್ಲರೂ ಸೇರಿಸುವ ಪಟ್ಟಿ ಬೇಕೆಂದರೂ ಇದು ಅನುಕೂಲ. ಪ್ಲೇಲಿಸ್ಟ್ ತೆರೆದು ‘ಇನ್ವೈಟ್ ಕೊಲ್ಯಾಬರೇಟರ್ಸ್’ ಒತ್ತಿ ಬರುವ ಲಿಂಕ್ ಕಳಿಸಿ. ಈ ಆಹ್ವಾನದ ಅವಧಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ತಡವಾಗಿ ಒತ್ತಿದವರು ‘ಆಗುತ್ತಿಲ್ಲ’ ಎಂದರೆ ಹೊಸದನ್ನು ತೆಗೆದು ಕೊಡಿ. ಸೇರಿದವರು ಬೇರೆಯವರು ಹಾಕಿದ ಹಾಡನ್ನೂ ತೆಗೆಯಬಲ್ಲರು ಎಂಬುದು ನೆನಪಿರಲಿ. ಆರೇಳು ಜನರ ಗ್ರೂಪಿಗೆ ಇದರಿಂದ ತೊಂದರೆ ಆಗದು. ಐವತ್ತು ಜನರ ಗ್ರೂಪಿನಲ್ಲಿ ಒಂದು ವಾರದೊಳಗೆ ಇನ್ನೂರು ಹಾಡು ಸೇರಿ ಯಾರೂ ಕೇಳದಂತಾಗುತ್ತದೆ. ಅಂಥಲ್ಲಿ ತಲಾ ಎರಡು ಹಾಡಿನ ಮಿತಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜಿಯೊಸಾವನ್, ಆ್ಯಪಲ್ ಮ್ಯೂಸಿಕ್ ಮತ್ತು ಇತರೆ

ಜಿಯೊಸಾವನ್‌ನಲ್ಲಿ ಕನ್ನಡದ ಸಂಗ್ರಹ ದೊಡ್ಡದು, ಜಾಹೀರಾತಿನೊಂದಿಗೆ ಉಚಿತ. ಜಿಯೊ ಸಿಮ್ ಇರುವ ಹಿರಿಯರ ಫೋನಿನಲ್ಲಿ ಎಷ್ಟೋ ಸಲ ಇದು ಮೊದಲೇ ಕೂತಿರುತ್ತದೆ. ಇದ್ದರೆ ಅದನ್ನೇ ಬಳಸಿ, ಹೊಸ ಆ್ಯಪ್ ಹಾಕಿಸುವ ಗೋಜು ಬೇಡ. ಆ್ಯಪಲ್ ಮ್ಯೂಸಿಕ್‌ನಲ್ಲಿ ಧ್ವನಿ ಬಹಳ ಚೆನ್ನಾಗಿದೆ, ಆದರೆ ಚಂದಾದಾರರಲ್ಲದವರಿಗೆ ಪೂರ್ತಿ ಹಾಡು ಇಲ್ಲ. ಗಾನಾ 2022ರಲ್ಲಿ ಉಚಿತ ಸೇವೆ ನಿಲ್ಲಿಸಿತು.

ಆ್ಯಪ್ ಆರಿಸುವಾಗ ಇಂದಿನ ಸೌಲಭ್ಯಕ್ಕಿಂತ ನಾಳೆಯ ಬಾಳಿಕೆ ಮುಖ್ಯ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ರೆಸ್ಸೊ 2024ರ ಜನವರಿಯಲ್ಲಿ ಭಾರತದಿಂದ ಹೋಯಿತು. ಏರ್‌ಟೆಲ್‌ನ ವಿಂಕ್ ಅದೇ ವರ್ಷ ನಿಂತಿತು. ಪ್ರತಿ ಸಲವೂ ವರ್ಷಗಟ್ಟಲೆ ಕೂಡಿಸಿದ ಪಟ್ಟಿಗಳ ಲಿಂಕುಗಳು ಕೆಲಸಕ್ಕೆ ಬಾರದಾದವು. ಈಗಿರುವುದು ಹತ್ತು ವರ್ಷ ಇರುತ್ತದೆಂದು ಯಾರೂ ಹೇಳಲಾರರು.

ವಾಟ್ಸ್‌ಆ್ಯಪ್‌ನಲ್ಲಿ ನೇರ ಹಾಡಿನ ಫೈಲ್

ಒತ್ತಿದರೆ ಹಾಡುತ್ತದೆ, ನೆಟ್ ಇಲ್ಲದಾಗಲೂ ಕೇಳಬಹುದು. ಹಿರಿಯರಿಗೆ ಇಷ್ಟವಾಗುವುದು ಸಹಜ. ಆದರೂ ವಾರದ ರೂಢಿಯಾಗಿ ಇದನ್ನು ಶಿಫಾರಸು ಮಾಡುವುದಿಲ್ಲ, ಕಾರಣಗಳಿವೆ.

ಮೊದಲನೆಯದು ಹಕ್ಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ: ಕರ್ತೃ ತೀರಿಕೊಂಡ ಮೇಲೂ 60 ವರ್ಷ. ಅಂದರೆ ಐವತ್ತರ ದಶಕದ ರೆಕಾರ್ಡಿನ ಮುದ್ರಣದ ಹಕ್ಕು ಮುಗಿದಿದ್ದರೂ ಅದರ ಸಾಹಿತ್ಯದ ಹಕ್ಕು ಉಳಿದಿರಬಹುದು. ‘ಹಳೆಯ ಹಾಡು, ಯಾರದೇನು’ ಎನ್ನುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಲಿಂಕ್ ಮೂಲಕ ಕೇಳಿದರೆ ಹಕ್ಕುದಾರರಿಗೆ ಒಂದಿಷ್ಟಾದರೂ ಸೇರುತ್ತದೆ, ಫೈಲ್ ಫಾರ್ವರ್ಡ್ ಆದರೆ ಏನೂ ಇಲ್ಲ. ಈಗ ಕಷ್ಟಪಟ್ಟು ಹಾಡು ಮಾಡುತ್ತಿರುವ ಸ್ವತಂತ್ರ ಕಲಾವಿದರಿಗೆ ಇದು ದೊಡ್ಡ ಮಾತು.

ಎರಡನೆಯದು ಗಾತ್ರ. 320 ಕೆಬಿಪಿಎಸ್‌ನ (ಧ್ವನಿಯ ಗುಣಮಟ್ಟದ ಅಳತೆ) ಎಂಪಿ3 ನಿಮಿಷಕ್ಕೆ 2.4 ಎಂಬಿ ತಿನ್ನುತ್ತದೆ, 128ರದ್ದು ಒಂದು ಎಂಬಿಗಿಂತ ತುಸು ಕಡಿಮೆ. ಐದು ನಿಮಿಷದ ಹಾಡು 320ರಲ್ಲಿ 12 ಎಂಬಿ. ಆಡಿಯೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್‌ನ ಮಿತಿ 16 ಎಂಬಿ, ಏಳು ನಿಮಿಷದ ತತ್ವಪದವೊಂದು ಅದನ್ನು ದಾಟುತ್ತದೆ. ‘ಡಾಕ್ಯುಮೆಂಟ್’ ಎಂದು ಕಳಿಸಿದರೆ 2 ಜಿಬಿವರೆಗೆ ಹೋಗುತ್ತದೆ. ವಾರಕ್ಕೆ ಎಂಟು ಹಾಡಿನಂತೆ ವರ್ಷಕ್ಕೆ ನಾನೂರಕ್ಕೂ ಹೆಚ್ಚು ಫೈಲುಗಳು, ನಾಲ್ಕು ಜಿಬಿಗಿಂತ ಹೆಚ್ಚು. ಅಪ್ಪ ಅಮ್ಮಂದಿರ ಫೋನು ತುಂಬಿ ‘ಜಾಗ ಇಲ್ಲ’ ಎನ್ನತೊಡಗುವುದು ಹೀಗೆಯೇ.

ಸ್ವಂತವಾಗಿ ಹಾಡಿದ್ದು, ಮನೆಯ ಸಮಾರಂಭದ ಧ್ವನಿಮುದ್ರಣ, ಕಲಾವಿದರೇ ಹಂಚಲು ಬಿಟ್ಟಿರುವುದು: ಇವಕ್ಕೆ ಫೈಲ್ ಕಳಿಸುವುದು ಸರಿಯಾದ ದಾರಿ. ಆಗ ಆಡಿಯೊ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೈಲಿನ ಹೆಸರು ಹಾಗೇ ಉಳಿಯುತ್ತದೆ. ರೇಡಿಯೊದಲ್ಲಿ ಬರುತ್ತಿರುವ ಹಾಡನ್ನು ವಾಯ್ಸ್ ನೋಟ್ ಒತ್ತಿ ಹಿಡಿದು ಕಳಿಸುವವರಿದ್ದಾರೆ. ವಾಯ್ಸ್ ನೋಟ್ ಮಾತಿಗೆಂದು ಮಾಡಿದ್ದು, ವಾದ್ಯಗಳ ಧ್ವನಿಯನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಅದರ ಸರಿಯಾದ ಉಪಯೋಗ ಬೇರೆ. ‘ಈ ಹಾಡಿನ ಎರಡನೇ ಚರಣದ ಮೊದಲು ಬರುವ ಕೊಳಲು ಕೇಳಿ’ ಎಂದು ಇಪ್ಪತ್ತು ಸೆಕೆಂಡಿನ ಮಾತು ಲಿಂಕಿನ ಜೊತೆ ಕಳಿಸಿ ನೋಡಿ, ಬರೀ ಲಿಂಕಿಗಿಂತ ಹೆಚ್ಚು ಜನ ಕೇಳುತ್ತಾರೆ.

ಸ್ಟೇಟಸ್‌ಗೆ ಹಾಡು ಹಾಕುವುದೂ ಒಂದು ದಾರಿಯೇ. ಆದರೆ 24 ಗಂಟೆಯಲ್ಲಿ ಹೋಗುತ್ತದೆ, ಅದೂ ತುಣುಕು. ರುಚಿ ತೋರಿಸಬಹುದು, ಪಟ್ಟಿ ಕೊಡಲಾಗದು.

ಪೆನ್‌ಡ್ರೈವ್: ಕಾರಿಗೂ ಊರಿನ ಮನೆಗೂ

ವಾರವಾರ ಅಲ್ಲದಿದ್ದರೂ ತಿಂಗಳಿಗೊಮ್ಮೆ ಊರಿಗೆ ಹೋಗುವಾಗ ಒಂದು ಪೆನ್‌ಡ್ರೈವ್ ತೆಗೆದುಕೊಂಡು ಹೋಗುವವರು ಇನ್ನೂ ಇದ್ದಾರೆ. ಸರಿಗಮದ ಕಾರ್ವಾನ್‌ನಂಥ ಹಾಡಿನ ಪೆಟ್ಟಿಗೆಗೂ ಹಳೆಯ ಕಾರ್ ಸ್ಟೀರಿಯೊಗೂ ಇದನ್ನು ಚುಚ್ಚಬಹುದು. ಹಾಡುಗಳು ನೀವು ಕೊಂಡದ್ದೋ ನಿಮ್ಮದೇ ಸಿಡಿಯಿಂದ ತೆಗೆದದ್ದೋ ಆಗಿರಬೇಕು. ಸ್ಪಾಟಿಫೈ ಅಥವಾ ಜಿಯೊಸಾವನ್‌ನಲ್ಲಿ ‘ಡೌನ್‌ಲೋಡ್’ ಮಾಡಿದ್ದು ಆ ಆ್ಯಪ್‌ನೊಳಗೆ ಬೀಗ ಹಾಕಿರುವ ಫೈಲ್. ಫೋಲ್ಡರ್ ಹುಡುಕಿ ಪೆನ್‌ಡ್ರೈವಿಗೆ ಹಾಕಿದರೂ ಹಾಡುವುದಿಲ್ಲ.

ಕೆಲಸ ಕೆಡುವುದು ಸಾಮಾನ್ಯವಾಗಿ ಇಲ್ಲಿ. ಪೆನ್‌ಡ್ರೈವ್ ಫ್ಯಾಟ್32 (ಫೈಲುಗಳನ್ನು ಜೋಡಿಸಿಡುವ ಒಂದು ಬಗೆ) ರೂಪದಲ್ಲಿ ಇರದಿದ್ದರೆ ಎಷ್ಟೋ ಸ್ಟೀರಿಯೊಗಳು ಗುರುತೇ ಹಿಡಿಯುವುದಿಲ್ಲ. 32 ಜಿಬಿ ಅಥವಾ ಅದಕ್ಕಿಂತ ಚಿಕ್ಕದನ್ನು ತೆಗೆದುಕೊಂಡರೆ ವಿಂಡೋಸ್‌ನಲ್ಲೇ ಸುಲಭವಾಗಿ ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಬಹುದು. ಹಳೆಯ ಸ್ಟೀರಿಯೊ ಎಂಪಿ3 ಬಿಟ್ಟು ಬೇರೆ ಬಗೆಯ ಫೈಲನ್ನು ಹಾಡದಿರಬಹುದು. ಕನ್ನಡದಲ್ಲಿ ಬರೆದ ಫೈಲ್ ಹೆಸರು ಬಹಳಷ್ಟು ಸ್ಟೀರಿಯೊಗಳ ಪರದೆಯಲ್ಲಿ ಬರೀ ಚೌಕಗಳಾಗಿ ಕಾಣುತ್ತದೆ, ಹಾಗಾಗಿ ಇಲ್ಲಿ ಮಾತ್ರ ಇಂಗ್ಲಿಷ್ ಅಕ್ಷರ ಬಳಸುವುದೇ ಮೇಲು. ಹೆಸರಿನ ಶುರುವಿನಲ್ಲೇ 01, 02 ಎಂದು ಅಂಕಿ ಹಾಕಿ. ಬರೀ 1, 2 ಎಂದು ಹಾಕಿದರೆ 1ರ ಬೆನ್ನಿಗೆ 10 ಬರುತ್ತದೆ. ಇಷ್ಟಾದರೂ ಕ್ರಮ ತಪ್ಪಿದರೆ ಆ ಸ್ಟೀರಿಯೊ ಹೆಸರು ನೋಡುತ್ತಿಲ್ಲ, ಫೈಲುಗಳನ್ನು ಹಾಕಿದ ಕ್ರಮ ನೋಡುತ್ತಿದೆ ಎಂದರ್ಥ. ಎಲ್ಲ ಅಳಿಸಿ ಒಂದೊಂದಾಗಿ ಬೇಕಾದ ಕ್ರಮದಲ್ಲಿ ಹಾಕಿ.

ಹಳೆಯ ಹೊಸ ಹಾಡು ಬೆರೆಸಿದಾಗ ಇನ್ನೊಂದು ಕಿರಿಕಿರಿ: ಎಪ್ಪತ್ತರ ದಶಕದ ಹಾಡು ಮೆಲ್ಲಗೆ ಕೇಳುತ್ತದೆಂದು ವಾಲ್ಯೂಮ್ ಏರಿಸುತ್ತೀರಿ, ಮುಂದಿನದು ಈಚಿನ ಹಾಡಾಗಿ ಕಿವಿಗೆ ಹೊಡೆಯುತ್ತದೆ. ಎಂಪಿ3ಗೇನ್ ಎಂಬ ಉಚಿತ ತಂತ್ರಾಂಶದಲ್ಲಿ ಎಲ್ಲ ಹಾಡು ಹಾಕಿ 89 ಡೆಸಿಬೆಲ್‌ಗೆ ಸಮ ಮಾಡಿದರೆ ಈ ಕಾಟ ತಪ್ಪುತ್ತದೆ, ಧ್ವನಿಯ ಗುಣಮಟ್ಟ ಕೆಡುವುದಿಲ್ಲ. ಸ್ಪಾಟಿಫೈ ಈ ಕೆಲಸ ತಾನೇ ಮಾಡುತ್ತದೆ. ಯೂಟ್ಯೂಬ್ ಅರ್ಧ ಮಾಡುತ್ತದೆ: ಜೋರಾಗಿರುವುದನ್ನು ತಗ್ಗಿಸುತ್ತದೆ, ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಆದ್ದರಿಂದ ಯೂಟ್ಯೂಬ್ ಪಟ್ಟಿಯಲ್ಲಿ ಹಳೆಯದೊಂದು ಹೊಸದೊಂದು ಎಂದು ಹೆಣೆಯುವ ಬದಲು ಹಳೆಯವನ್ನು ಒಟ್ಟಿಗೆ, ಹೊಸವನ್ನು ಒಟ್ಟಿಗೆ ಇಡುವುದು ಕಿವಿಗೆ ಹಿತ.

ಯಾವ ಆವೃತ್ತಿ? ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ

ಯಾವ ಆ್ಯಪ್ ಎಂಬ ಪ್ರಶ್ನೆಗಿಂತ ದೊಡ್ಡದು ಯಾವ ಧ್ವನಿಮುದ್ರಣ ಎಂಬುದು. ಕನ್ನಡದಲ್ಲಿ ಇದರ ಗೊಂದಲ ಹೆಚ್ಚು, ಏಕೆಂದರೆ ನಮ್ಮ ಒಂದೇ ಕವಿತೆಗೆ ಎರಡು ಮೂರು ಧಾಟಿ, ಹತ್ತಾರು ಗಾಯಕರು. ನಾಡಗೀತೆಯನ್ನೇ ನೋಡಿ. ಕುವೆಂಪು ಅವರ ‘ಜಯ ಭಾರತ ಜನನಿಯ ತನುಜಾತೆ’ಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೂ ಇದೆ, ಸಿ. ಅಶ್ವತ್ಥ್ ಅವರದೂ ಇದೆ. 2022ರಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಗೊತ್ತುಮಾಡುವವರೆಗೂ ಚರ್ಚೆ ನಡೆದೇ ಇತ್ತು. ಭಾವಗೀತೆ ಹಂಚುವಾಗ ಕವಿಯ ಹೆಸರಷ್ಟೇ ಬರೆದರೆ ಸಾಲದು. ರಾಗ ಸಂಯೋಜನೆ ಯಾರದು, ಹಾಡಿದವರು ಯಾರು ಎಂಬುದೂ ಬೇಕು.

ಸಿನಿಮಾ ಹಾಡಿನಲ್ಲಿ ಮೋಸ ಹೋಗುವುದು ಬೇರೆ ಬಗೆ. ಆ್ಯಪ್‌ಗಳಲ್ಲಿ ಹಳೆಯ ಹಾಡು ಸಾಮಾನ್ಯವಾಗಿ ‘ಹಿಟ್ಸ್’ ಸಂಕಲನಗಳ ಒಳಗೆ ಕೂತಿರುತ್ತದೆ. ಪಕ್ಕದಲ್ಲಿ ಕಾಣುವ ವರ್ಷ ಆ ಸಂಕಲನ ಏರಿಸಿದ ವರ್ಷ, ಚಿತ್ರದ್ದಲ್ಲ. 1972ರ ಹಾಡಿನ ಪಕ್ಕ ಎರಡು ಸಾವಿರದ ಈಚಿನ ವರ್ಷ ಕಂಡರೆ ಗಾಬರಿಯಾಗಬೇಡಿ, ಅದನ್ನೇ ಪಟ್ಟಿಗೆ ನಕಲು ಮಾಡಲೂ ಬೇಡಿ. ಮೂಲವೋ ಅಲ್ಲವೋ ತಿಳಿಯಲು ಮೊದಲ ಹತ್ತು ಸೆಕೆಂಡು ಕೇಳಿದರೆ ಸಾಕು. ಹಳೆಯ ಮುದ್ರಣದಲ್ಲಿ ಪಿಟೀಲುಗಳ ಗುಂಪು, ತಬಲಾ, ತುಸು ಗರಗರ ಇರುತ್ತದೆ. ಕೀಬೋರ್ಡಿನ ತಾಳ ಕೇಳಿಸಿದರೆ ಅದು ಮತ್ತೆ ಹಾಡಿಸಿದ್ದು. ಹೆಸರಿನಲ್ಲಿ ‘ಲೋಫೈ’, ‘ರೀವರ್ಬ್’, ‘ಜಂಕಾರ್’, ‘ರಿವೈವಲ್’ ಎಂದಿದ್ದರೆ ಅದೂ ಮೂಲವಲ್ಲ. ಕೇಳುವವರು ಆ ಕಾಲದವರಾಗಿದ್ದರೆ ವ್ಯತ್ಯಾಸ ತಕ್ಷಣ ಹಿಡಿಯುತ್ತಾರೆ, ಬೇಸರವನ್ನೂ ಪಡುತ್ತಾರೆ.

ಎಲ್ಲ ಭಾಷೆಯಲ್ಲೂ ಬಿಡುಗಡೆಯಾಗುವ ಈಚಿನ ಚಿತ್ರಗಳದು ಇನ್ನೊಂದು ಕತೆ. ಒಂದೇ ಹಾಡು ಕನ್ನಡ, ತೆಲುಗು, ತಮಿಳು, ಮಲಯಾಳಂ, ಹಿಂದಿಯಲ್ಲಿ, ಒಂದೇ ಮುಖಪುಟದೊಂದಿಗೆ. ಹಂಚುವ ಮೊದಲು ಪಲ್ಲವಿ ಬರುವವರೆಗೆ ಕೇಳಿ. ಶುರುವಿನ ವಾದ್ಯಸಂಗೀತ ಎಲ್ಲ ಭಾಷೆಗೂ ಒಂದೇ ಆಗಿರುವುದರಿಂದ ಮೊದಲ ಅರ್ಧ ನಿಮಿಷದಲ್ಲಿ ಗೊತ್ತಾಗದು.

ಹುಡುಕಾಟದಲ್ಲೂ ಒಂದು ಕಿವಿಮಾತು. ಕನ್ನಡ ಹಾಡಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಕ್ಕೆ ಒಪ್ಪಿತ ಕ್ರಮವೇ ಇಲ್ಲ. ‘ಅನಿಸುತಿದೆ’ಯನ್ನು ಒಬ್ಬರು ‘ಎಚ್’ ಸೇರಿಸಿ ಬರೆದಿರುತ್ತಾರೆ, ಇನ್ನೊಬ್ಬರು ಬಿಟ್ಟು ಬರೆದಿರುತ್ತಾರೆ. ಹಾಡಿನ ಹೆಸರಿನಿಂದ ಸಿಗದಿದ್ದರೆ ಚಿತ್ರದ ಹೆಸರು ಮತ್ತು ಸಂಗೀತ ನಿರ್ದೇಶಕರ ಹೆಸರು ಹಾಕಿ ಆಲ್ಬಮ್ಮನ್ನೇ ಹುಡುಕಿ.

ಬರೆದ ಪಟ್ಟಿ ಹೇಗಿರಬೇಕು

ಲಿಂಕಿನ ಮೇಲೆ ಒಂದೊಂದು ಹಾಡಿಗೆ ಒಂದು ಸಾಲು: ಹಾಡಿನ ಮೊದಲ ಮಾತುಗಳು, ಚಿತ್ರ ಅಥವಾ ಆಲ್ಬಮ್, ವರ್ಷ, ಹಾಡಿದವರು, ಸಾಹಿತ್ಯ, ಸಂಗೀತ. ಹೀಗೆ:

ಆಗದು ಎಂದು ಕೈಲಾಗದು ಎಂದು. ಬಂಗಾರದ ಮನುಷ್ಯ, 1972. ಪಿ.ಬಿ. ಶ್ರೀನಿವಾಸ್. ಸಾಹಿತ್ಯ ಆರ್.ಎನ್. ಜಯಗೋಪಾಲ್, ಸಂಗೀತ ಜಿ.ಕೆ. ವೆಂಕಟೇಶ್.

ಅನಿಸುತಿದೆ ಯಾಕೋ ಇಂದು. ಮುಂಗಾರು ಮಳೆ, 2006. ಸೋನು ನಿಗಮ್. ಸಾಹಿತ್ಯ ಜಯಂತ ಕಾಯ್ಕಿಣಿ, ಸಂಗೀತ ಮನೋಮೂರ್ತಿ.

ದ್ವಾಪರ. ಕೃಷ್ಣಂ ಪ್ರಣಯ ಸಖಿ, 2024. ಜಸ್ಕರಣ್ ಸಿಂಗ್. ಸಾಹಿತ್ಯ ವಿ. ನಾಗೇಂದ್ರ ಪ್ರಸಾದ್, ಸಂಗೀತ ಅರ್ಜುನ್ ಜನ್ಯ.

ಇಷ್ಟಿದ್ದರೆ ಲಿಂಕ್ ಸತ್ತರೂ ಯಾವ ಆ್ಯಪ್‌ನಲ್ಲಾದರೂ ಹಾಡು ಮತ್ತೆ ಸಿಗುತ್ತದೆ. ಗೀತರಚನಕಾರರ ಹೆಸರನ್ನು ಬಿಡಬೇಡಿ. ಆ್ಯಪ್‌ಗಳು ಗಾಯಕರನ್ನು ತೋರಿಸಿ ಬರೆದವರನ್ನು ಒಳಪುಟಕ್ಕೆ ತಳ್ಳುತ್ತವೆ, ನಾವಾದರೂ ಮುಂದೆ ತರಬೇಕು. ಜೊತೆಗೆ, ಏಕೆ ಆರಿಸಿದಿರಿ ಎಂಬ ಒಂದೇ ವಾಕ್ಯ ಸೇರಿಸಿ. ‘ಸೂಪರ್ ಹಾಡು’ ಎಂದರೆ ಯಾರಿಗೂ ಏನೂ ತಿಳಿಯದು. ‘ಎರಡನೇ ಚರಣದಲ್ಲಿ ತಾಳ ನಿಲ್ಲುವ ಜಾಗ ಕೇಳಿ’ ಎಂದರೆ ಕಿವಿ ಅಲ್ಲಿಗೆ ಹೋಗುತ್ತದೆ.

ಈ ಸಂದೇಶವನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಪಿನ್ ಮಾಡಿ. 24 ಗಂಟೆ, 7 ದಿನ, 30 ದಿನ ಎಂಬ ಆಯ್ಕೆಗಳಲ್ಲಿ 7 ದಿನ ವಾರದ ಪಟ್ಟಿಗೆ ಹೇಳಿ ಮಾಡಿಸಿದಂತಿದೆ. ಮುಂದಿನ ಭಾನುವಾರ ಹೊಸದು ಬರುವಾಗ ಹಳೆಯದು ತಾನೇ ಇಳಿಯುತ್ತದೆ. ಶುಭಾಶಯದ ಚಿತ್ರಗಳ ನಡುವೆ ಪಟ್ಟಿ ಕಳೆದುಹೋಗುವುದಿಲ್ಲ.

ಎಷ್ಟು ಹಾಡು, ಯಾವ ಕ್ರಮ

ಎಂಟಕ್ಕಿಂತ ಹೆಚ್ಚು ಬೇಡ. ಸರಾಸರಿ ನಾಲ್ಕೂವರೆ ನಿಮಿಷವೆಂದರೆ 36 ನಿಮಿಷ, ಒಂದು ಬೆಳಗಿನ ಅಡುಗೆ ಅಥವಾ ಆಫೀಸಿನ ದಾರಿಗೆ ಸರಿಹೋಗುತ್ತದೆ. ಇಪ್ಪತ್ತು ಹಾಡಿನ ಪಟ್ಟಿಯಲ್ಲಿ ಜನ ಮೊದಲ ಮೂರನ್ನು ಕೇಳಿ ಬಿಡುತ್ತಾರೆ. ಗ್ರೂಪಿನಲ್ಲಿ ಹಿರಿಯರು ಹೆಚ್ಚಿದ್ದರೆ ಐದು ಹಳೆಯದು ಮೂರು ಹೊಸದು, ಕಿರಿಯರಿದ್ದರೆ ತಿರುಗಿಸಿ. ಮೊದಲ ಹಾಡು ಎಲ್ಲರಿಗೂ ಪರಿಚಿತವಾಗಿರಲಿ, ಯಾರೂ ಕೇಳಿರದ ಹೊಸ ಹಾಡನ್ನು ಮೂರನೆಯ ಅಥವಾ ನಾಲ್ಕನೆಯ ಜಾಗದಲ್ಲಿಡಿ.

ಹಳತು ಹೊಸತನ್ನು ಬೆಸೆಯುವ ಒಂದು ಎಳೆ ಸಿಕ್ಕರೆ ಪಟ್ಟಿಗೆ ಜೀವ ಬರುತ್ತದೆ. ರಘು ದೀಕ್ಷಿತ್ ಹಾಡಿದ ‘ಲೋಕದ ಕಾಳಜಿ’ ಶಿಶುನಾಳ ಶರೀಫರ ತತ್ವಪದ. ಅದರ ಪಕ್ಕ ಸಿ. ಅಶ್ವತ್ಥ್ ಹಾಡಿದ ಶರೀಫರ ಪದವೊಂದನ್ನು ಇಟ್ಟರೆ ಹಿರಿಯರೂ ಕಿರಿಯರೂ ಎರಡನ್ನೂ ಕೇಳುತ್ತಾರೆ. ಒಬ್ಬರೇ ಸಂಗೀತ ನಿರ್ದೇಶಕರ ಮೊದಲ ಚಿತ್ರ ಮತ್ತು ಈಚಿನ ಚಿತ್ರ, ಒಂದೇ ರಾಗದ ಎರಡು ಹಾಡು, ಮಳೆಯ ಮೇಲೆ ಬೇರೆ ಬೇರೆ ದಶಕದವರು ಬರೆದದ್ದು: ಇಂಥ ಜೋಡಿ ಪ್ರತಿ ವಾರ ಒಂದಾದರೂ ಇರಲಿ.

ಬೇರೆ ಬೇರೆ ಆ್ಯಪ್, ಬೇರೆ ಬೇರೆ ದೇಶ

ಗ್ರೂಪಿನಲ್ಲಿ ಕೆಲವರು ಸ್ಪಾಟಿಫೈ, ಕೆಲವರು ಆ್ಯಪಲ್ ಎಂದಿದ್ದರೆ ಪ್ರತಿ ಹಾಡಿಗೂ ಎಲ್ಲ ಆ್ಯಪ್‌ಗಳ ಲಿಂಕ್ ಒಂದೇ ಪುಟದಲ್ಲಿ ಕೊಡುವ ಸಾಂಗ್‌ಲಿಂಕ್ ಬಳಸಬಹುದು. ಇಡೀ ಪಟ್ಟಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಲು ಟ್ಯೂನ್‌ಮೈಮ್ಯೂಸಿಕ್, ಸೌಂಡೀಜ್ ಎಂಬ ಸೇವೆಗಳಿವೆ. ಕನ್ನಡದ ಪಟ್ಟಿ ಸಾಗಿಸಿದ ಮೇಲೆ ಒಂದೊಂದನ್ನೂ ತೆರೆದು ನೋಡದೆ ಕಳಿಸಬೇಡಿ. ಹೆಸರು ಹೋಲಿಸಿ ಹುಡುಕುವಾಗ ತೆಲುಗು ಆವೃತ್ತಿಯೋ ಕವರೋ ಬಂದು ಕೂತಿರುವುದು ಸಾಮಾನ್ಯ.

ಹೊರದೇಶದಲ್ಲಿರುವ ಮಕ್ಕಳಿಗೆ, ಗೆಳೆಯರಿಗೆ ಕಳಿಸುವಾಗ ಇನ್ನೊಂದು ಗಮನ ಬೇಕು. ಹಾಡಿನ ಹಕ್ಕು ದೇಶಕ್ಕೊಂದು ಬಗೆ. ಇಲ್ಲಿ ಹಾಡುವ ವಿಡಿಯೊ ಅಲ್ಲಿ ‘ನಿಮ್ಮ ದೇಶದಲ್ಲಿ ಲಭ್ಯವಿಲ್ಲ’ ಎನ್ನಬಹುದು, ಸ್ಪಾಟಿಫೈನಲ್ಲಿ ಒಂದು ಸಂಕಲನ ಅಲ್ಲಿ ಮಸುಕಾಗಿ ಅದೇ ಹಾಡು ಇನ್ನೊಂದು ಸಂಕಲನದಲ್ಲಿ ಸರಿಯಾಗಿ ಸಿಗಬಹುದು. ಯಾವ ಹಾಡು ತೆರೆಯಲಿಲ್ಲವೆಂದು ಅವರಿಂದಲೇ ಸಂಖ್ಯೆ ಕೇಳಿ ಪಡೆಯಿರಿ. ಬರೆದ ಪಟ್ಟಿಯಲ್ಲಿ ಹಾಡುಗಳಿಗೆ ಅಂಕಿ ಹಾಕಿದ್ದರೆ ‘4 ಮತ್ತು 7 ಬರುತ್ತಿಲ್ಲ’ ಎಂದು ಉತ್ತರಿಸಲು ಅವರಿಗೂ ಸುಲಭ. ಆ ಎರಡಕ್ಕೆ ಮಾತ್ರ ಬೇರೆ ಚಾನೆಲ್ಲಿನ ಲಿಂಕ್ ಹುಡುಕಿ ಪಟ್ಟಿಯಲ್ಲೇ ಬದಲಿಸಿಬಿಡಿ. ಪ್ಲೇಲಿಸ್ಟಿನ ವಿಳಾಸ ಬದಲಾಗುವುದಿಲ್ಲ, ಮತ್ತೆ ಕಳಿಸುವ ಅಗತ್ಯವೂ ಇಲ್ಲ.